ಎರಡು ಗೋಪುರ, ಒಂದೇ ಖರ್ಚು: ಬೆಂಗಳೂರಿನ ನಡುಭಾಗದಲ್ಲಿ ಬಾಡಿಗೆಗಿದ್ದು ಕಂಡ ಹೋಲಿಕೆ

2024ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಹನ್ನೊಂದು ತಿಂಗಳು ನಾವು ಬಿನ್ನಿಪೇಟೆಯ ಕಡೆಯ ಬಹುಮಹಡಿ ಕಟ್ಟಡವೊಂದರ ಹದಿನೇಳನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. 2025ರ ಜನವರಿಯಲ್ಲಿ ಮಲ್ಲೇಶ್ವರ ಮತ್ತು ಯಶವಂತಪುರ ಕೂಡುವ ಭಾಗದಲ್ಲಿರುವ ಇನ್ನೊಂದು ಹೊಸ ಕಟ್ಟಡದ ಒಂಬತ್ತನೆಯ ಮಹಡಿಗೆ ಬಂದೆವು. ಎರಡೂ ಎರಡು ಕೋಣೆಯ ಮನೆಗಳು, ವಾಸವಿದ್ದವರು ನಾನು, ನನ್ನ ಹೆಂಡತಿ ಮತ್ತು ಮಂಡಿನೋವಿರುವ ನನ್ನ ತಾಯಿ. ಸಾಮಾನು ಅದೇ, ಅಡುಗೆ ಅದೇ, ಕಚೇರಿಯೂ ಅದೇ. ಆದ್ದರಿಂದ ಖರ್ಚಿನಲ್ಲಿ ಕಂಡ ವ್ಯತ್ಯಾಸದ ಬಹುಪಾಲು ಕಟ್ಟಡಗಳಿಂದಲೇ ಬಂದದ್ದೆಂದು ಧೈರ್ಯವಾಗಿ ಹೇಳಬಲ್ಲೆ.

ಇಂಥ ಗೋಪುರಗಳು ಈ ಎರಡು ಭಾಗಗಳಲ್ಲಿ ಎದ್ದಿರುವುದು ಆಕಸ್ಮಿಕವಲ್ಲ. ಊರಿನ ಹಳೆಯ ಬಡಾವಣೆಗಳು ಮೂವತ್ತು ನಲವತ್ತರ ಅಥವಾ ನಲವತ್ತು ಅರವತ್ತರ ನಿವೇಶನಗಳಾಗಿ ಹಂಚಿಹೋಗಿರುವುದರಿಂದ ನಡುಭಾಗದಲ್ಲಿ ಮನೆ ಕಟ್ಟಲು ಎಕರೆಗಟ್ಟಲೆ ಒಟ್ಟಿಗೆ ಸಿಕ್ಕಿದ್ದು ಹೆಚ್ಚಾಗಿ ಗಿರಣಿ ಮತ್ತು ಕಾರ್ಖಾನೆಗಳ ನೆಲ. ಬಿನ್ನಿ ಗಿರಣಿಯ ನೆಲದಲ್ಲಿ ಇಂದು ಮಾಲ್ ಮತ್ತು ವಸತಿ ಗೋಪುರಗಳಿವೆ. ಮಲ್ಲೇಶ್ವರದ ಪಶ್ಚಿಮದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಕಡೆ ಒರಾಯನ್ ಮಾಲ್ ಮತ್ತು ವರ್ಲ್ಡ್ ಟ್ರೇಡ್ ಸೆಂಟರ್ ನಿಂತಿವೆ. ನಾವು ವಾಸವಿದ್ದ ಕಟ್ಟಡಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಬಿನ್ನಿಪೇಟೆಯದನ್ನು ಮೊದಲನೆಯದು, ಮಲ್ಲೇಶ್ವರದ ಕಡೆಯದನ್ನು ಎರಡನೆಯದು ಎಂದು ಕರೆಯುತ್ತೇನೆ.

ಮೊದಲನೆಯ ಮನೆಯ ಬಾಡಿಗೆ 42,000 ರೂಪಾಯಿ, ಎರಡನೆಯದರದು 46,000. ಬಾಡಿಗೆಯಷ್ಟನ್ನೇ ನೋಡಿ ನಾವು ಮೊದಲು ಬಿನ್ನಿಪೇಟೆಯನ್ನು ಆರಿಸಿಕೊಂಡೆವು, ಅಲ್ಲಿಯೇ ನಮ್ಮ ಲೆಕ್ಕ ತಪ್ಪಿತು. ಮೊದಲನೆಯದನ್ನು ನಮಗೆ 1,240 ಚದರಡಿಯ ಮನೆಯೆಂದು ತೋರಿಸಿದ್ದರು. ಅದು ಸೂಪರ್ ಬಿಲ್ಟ್‌ಅಪ್ ಅಳತೆ, ಅಂದರೆ ಓಣಿ, ಲಿಫ್ಟು, ಮೆಟ್ಟಿಲು, ಕ್ಲಬ್ ಹೌಸ್ ಇವುಗಳಲ್ಲಿ ನಮ್ಮ ಪಾಲಿನದೆಂದು ಹಂಚಿದ ಭಾಗವೂ ಸೇರಿದ್ದು. ಮನೆಯೊಳಗೆ ಕಾಲಿಡಲು ಸಿಗುವ ಕಾರ್ಪೆಟ್ ಅಳತೆ 815 ಚದರಡಿ ಮಾತ್ರ. ಎರಡನೆಯ ಮನೆಯ ಸೂಪರ್ ಬಿಲ್ಟ್‌ಅಪ್ 1,180 ಚದರಡಿ, ಕಾರ್ಪೆಟ್ 850. ಕಾಗದದಲ್ಲಿ ಅರವತ್ತು ಚದರಡಿ ಚಿಕ್ಕದಾದ ಮನೆ ಒಳಗೆ ಮೂವತ್ತೈದು ಚದರಡಿ ದೊಡ್ಡದಾಗಿತ್ತು. ಮನೆ ಕಟ್ಟಿ ಮಾರುವವರನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಕಾರ್ಪೆಟ್ ಅಳತೆಯನ್ನು ಸ್ಪಷ್ಟವಾಗಿ ವ್ಯಾಖ್ಯಾನಿಸಿದೆ. ಒಳಗಿನ ವಿಭಜಕ ಗೋಡೆಗಳು ಅದರಲ್ಲಿ ಸೇರುತ್ತವೆ, ಹೊರಗೋಡೆ, ಕೊಳವೆಗಳು ಹಾಯುವ ಸೇವಾ ಶಾಫ್ಟು, ಬಾಲ್ಕನಿ ಸೇರುವುದಿಲ್ಲ. ಈ ನಿಯಮ ಮಾರಾಟಕ್ಕಾಗಿ ಮಾಡಿದ್ದಾದರೂ ಕರ್ನಾಟಕ ರೇರಾ ಜಾಲತಾಣದಲ್ಲಿ ನೋಂದಾಯಿತ ಯೋಜನೆಗಳ ವಿವರಗಳನ್ನು ಯಾರು ಬೇಕಾದರೂ ನೋಡಬಹುದು, ಬಾಡಿಗೆದಾರರೂ ನೋಡಬೇಕು. ನಾನು ಇದನ್ನು ಮಾಡಿದ್ದು ಎರಡನೆಯ ಮನೆ ಹುಡುಕುವಾಗ.

ಅಳತೆಯ ಈ ವ್ಯತ್ಯಾಸ ನಿರ್ವಹಣಾ ಶುಲ್ಕದ ಮೇಲೂ ಬೀಳುತ್ತದೆ, ಏಕೆಂದರೆ ಎರಡೂ ಕಡೆ ಅದನ್ನು ಸೂಪರ್ ಬಿಲ್ಟ್‌ಅಪ್ ಮೇಲೆಯೇ ವಿಧಿಸುತ್ತಾರೆ. ಮೊದಲನೆಯದರಲ್ಲಿ ಚದರಡಿಗೆ 5 ರೂಪಾಯಿಯಂತೆ ತಿಂಗಳಿಗೆ 6,200, ಎರಡನೆಯದರಲ್ಲಿ ನಾಲ್ಕೂವರೆಯಂತೆ 5,310. ನಾವು ಈಜುಕೊಳಕ್ಕೆ ಒಮ್ಮೆಯೂ ಇಳಿಯಲಿಲ್ಲ, ಆದರೂ ಅದನ್ನು ಸ್ವಚ್ಛವಾಗಿಡುವ ಖರ್ಚಿನಲ್ಲಿ ನಮ್ಮ ಪಾಲಿತ್ತು. ಮೂರು ಕೋಣೆಯ ಮನೆ ಹುಡುಕುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಕಟ್ಟಡದ ನಿವಾಸಿಗಳ ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದ್ದು ಒಂದು ಮನೆಯ ನಿರ್ವಹಣಾ ಶುಲ್ಕ ತಿಂಗಳಿಗೆ 7,500 ರೂಪಾಯಿ ದಾಟಿದರೆ ಅದಕ್ಕೆ ಶೇ. 18ರ ಜಿಎಸ್‌ಟಿ ಸೇರುತ್ತದೆ.

ಈಗ ವಿನ್ಯಾಸಕ್ಕೆ ಬರುತ್ತೇನೆ. ಹಣ ಎಲ್ಲಿ ಸೋರುತ್ತದೆಂಬುದು ನನಗೆ ತಿಳಿದದ್ದು ಅಲ್ಲಿಯೇ.

ಮೊದಲನೆಯ ಕಟ್ಟಡದಲ್ಲಿ ಪ್ರತಿ ಮಹಡಿಗೆ ಹತ್ತು ಮನೆ. ನಡುವೆ ಉದ್ದನೆಯ ಓಣಿ, ಎರಡೂ ಬದಿಗೆ ಬಾಗಿಲುಗಳು. ಹಾಗಾಗಿ ನಮ್ಮ ಮನೆಗೆ ಕಿಟಕಿಗಳಿದ್ದದ್ದು ಪಶ್ಚಿಮಕ್ಕೆ, ಒಂದೇ ಬದಿಗೆ. ಗಾಳಿ ಒಳಗೆ ಬರಲು ದಾರಿಯಿದ್ದರೂ ಹೊರಗೆ ಹೋಗಲು ದಾರಿಯಿರಲಿಲ್ಲ. ಮುಂಬಾಗಿಲು ತೆರೆದಿಟ್ಟರೆ ಮಾತ್ರ ಗಾಳಿಯಾಡುತ್ತಿತ್ತು, ಆದರೆ ಓಣಿಗೆ ಬಾಗಿಲು ತೆರೆದಿಡುವುದು ಬೆಂಕಿ ಸುರಕ್ಷತೆಯ ದೃಷ್ಟಿಯಿಂದ ಸರಿಯಲ್ಲವೆಂದು ಕಾವಲಿನವರು ಬಂದು ಮುಚ್ಚಿಸುತ್ತಿದ್ದರು, ಅವರ ಮಾತು ಸರಿಯಾದದ್ದೇ. ಗೋಡೆಗಳೆಲ್ಲ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟು. ಕಟ್ಟಡದ ಕೆಲಸದವರು ಇದನ್ನು ಮೈವಾನ್ ಎನ್ನುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಗೋಡೆ ಗಟ್ಟಿಯಾಗಿರುತ್ತದೆ, ಮೂಲೆಗಳು ನೇರವಾಗಿರುತ್ತವೆ. ಆದರೆ ಹಗುರವಾದ ಬ್ಲಾಕ್ ಗೋಡೆಗಿಂತ ಅದು ಬಿಸಿಲನ್ನು ಬೇಗ ಒಳಕ್ಕೆ ದಾಟಿಸುತ್ತದೆ. ಏಪ್ರಿಲ್‌ನ ರಾತ್ರಿ ಹತ್ತು ಗಂಟೆಗೂ ಮಲಗುವ ಕೋಣೆಯ ಗೋಡೆಗೆ ಅಂಗೈ ಇಟ್ಟರೆ ಆಗತಾನೆ ಒಲೆಯಿಂದ ಇಳಿಸಿದ ಪಾತ್ರೆ ತಣಿಯುತ್ತಿರುವಾಗಿನ ಬಿಸಿ ತಾಗುತ್ತಿತ್ತು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನ್ನ ತಾಯಿ ಎಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಮನೆಯಲ್ಲಿ ಏಸಿ ಬೇಕೆಂದು ಕೇಳಿದ್ದು ಆ ಬೇಸಿಗೆಯಲ್ಲಿ. ಅದನ್ನು ಹಾಕಿಸುವುದೂ ಸುಲಭವಿರಲಿಲ್ಲ. ಎರಕದ ಗೋಡೆಯನ್ನು ಮನಬಂದಂತೆ ಕೊರೆಯುವಂತಿಲ್ಲ, ದೇವರ ಪಟ ನೇತುಹಾಕುವ ಮೊಳೆಗೂ ಡ್ರಿಲ್ಲಿನವನನ್ನು ಕರೆಸಬೇಕು.

ಕಿಟಕಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮೊದಲನೆಯ ಮನೆಯಲ್ಲಿದ್ದವು ಸರಿಯುವ ಗಾಜಿನ ಕಿಟಕಿಗಳು. ಎರಡು ಬಾಗಿಲಿನ ಸರಿಯುವ ಕಿಟಕಿ ಎಷ್ಟೇ ದೊಡ್ಡದಿದ್ದರೂ ತೆರೆಯುವುದು ಅರ್ಧ ಮಾತ್ರ. ಹೊರನೋಟ ನುಣುಪಾಗಿ ಕಾಣಲೆಂದು ಕಿಟಕಿಗಳ ಮೇಲೆ ಸಜ್ಜೆಯನ್ನೂ ಬಿಟ್ಟಿರಲಿಲ್ಲ. ಮೇ ತಿಂಗಳ ಒಂದು ಸಂಜೆ ಗಾಳಿಮಳೆ ಪಶ್ಚಿಮದಿಂದ ಅಪ್ಪಳಿಸಿದಾಗ ಮುಚ್ಚಿದ್ದ ಕಿಟಕಿಯ ಕೆಳಪಟ್ಟಿಯಲ್ಲಿ ನೀರು ತುಂಬಿ, ಅದರ ಚಿಕ್ಕ ತೂತುಗಳಿಂದ ಹೊರಹೋಗಲು ಸಾಲದೆ, ಒಳಗೋಡೆಯ ಮೇಲೆ ಇಳಿಯತೊಡಗಿತು. ಎರಡು ಟವೆಲ್ ಮತ್ತು ಒಂದು ಹಳೆಯ ಪಂಚೆಯನ್ನು ಒತ್ತಿಟ್ಟು, ಹಿಂಡಿ, ಮತ್ತೆ ಒತ್ತಿಟ್ಟು ಮುಕ್ಕಾಲು ಗಂಟೆ ಕಳೆದೆವು. ಎರಡನೆಯ ಮನೆಯ ಕಿಟಕಿಗಳು ಗಾತ್ರದಲ್ಲಿ ಚಿಕ್ಕವು, ಆದರೆ ಕೀಲಿನ ಮೇಲೆ ಪೂರ್ತಿ ತೆರೆದುಕೊಳ್ಳುತ್ತವೆ. ಮೇಲೆ ಎರಡಡಿಯ ಸಜ್ಜೆಯಿದೆ, ಮಳೆ ಬರುವಾಗಲೂ ತೆರೆದಿಡಬಹುದು. ಅಲ್ಲಿ ಮಹಡಿಗೆ ನಾಲ್ಕೇ ಮನೆಗಳಿರುವುದರಿಂದ ಪ್ರತಿ ಮನೆಯೂ ಮೂಲೆಯ ಮನೆ, ಎರಡು ಬದಿಗೆ ಗಾಳಿ. ಒಂದು ವರ್ಷದಲ್ಲಿ ಅಲ್ಲಿ ಏಸಿಯ ಮಾತು ಬಂದಿಲ್ಲ. ಮೊದಲನೆಯ ಮನೆಯಲ್ಲಿ ವಿದ್ಯುತ್ತಿಗೆ ತಿಂಗಳಿಗೆ ಸರಾಸರಿ 2,900 ರೂಪಾಯಿ ಕೊಟ್ಟಿದ್ದೆವು, ಇಲ್ಲಿ 1,500.

ಇನ್ನೊಂದು ಚಿಕ್ಕ ಜಾಗ ನಮ್ಮ ದಿನಚರಿಯನ್ನೇ ಬದಲಿಸಿತು. ಬೆಂಗಳೂರಿನಲ್ಲಿ ಎಲ್ಲರೂ ಯುಟಿಲಿಟಿ ಎಂದು ಕರೆಯುವ, ಅಡುಗೆಮನೆಗೆ ಅಂಟಿಕೊಂಡ ಪಾತ್ರೆ ತೊಳೆಯುವ ಮತ್ತು ಬಟ್ಟೆ ಒಗೆಯುವ ಜಾಗ ಮೊದಲನೆಯ ಮನೆಯಲ್ಲಿ ಇರಲೇ ಇಲ್ಲ. ವಾಷಿಂಗ್ ಮಷೀನನ್ನು ಬಚ್ಚಲಿನ ಬಾಗಿಲ ಹಿಂದೆ ಇಟ್ಟಿದ್ದರಿಂದ ಬಾಗಿಲು ಮುಕ್ಕಾಲು ಭಾಗ ಮಾತ್ರ ತೆರೆಯುತ್ತಿತ್ತು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದೆಂಬ ನಿಯಮ ಬೇರೆ ಇದ್ದುದರಿಂದ ಒದ್ದೆ ಬಟ್ಟೆಯ ಸ್ಟ್ಯಾಂಡು ಸದಾ ನಡುಮನೆಯಲ್ಲಿ ನಿಂತಿರುತ್ತಿತ್ತು. ಎರಡನೆಯದರಲ್ಲಿ ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲದ ಯುಟಿಲಿಟಿಯಿದೆ. ನಲ್ಲಿ, ನೀರು ಹೋಗುವ ಇಳಿಜಾರು, ಮೇಲೆ ರಾಟೆಯ ಹಗ್ಗ ಎಲ್ಲವೂ ಅಲ್ಲಿವೆ. ನನ್ನ ತಾಯಿ ಅಲ್ಲಿಯೇ ಮಣೆ ಹಾಕಿಕೊಂಡು ಸೊಪ್ಪು ಬಿಡಿಸುತ್ತಾರೆ, ಬೇಸಿಗೆಯಲ್ಲಿ ಸಂಡಿಗೆಯನ್ನೂ ಅಲ್ಲಿಯೇ ಒಣಗಿಸಿದರು. ಮನೆಯ ನಕ್ಷೆ ಬರೆಯುವವರು ಈ ಇಪ್ಪತ್ತಾರು ಚದರಡಿಯನ್ನು ಉಳಿಸಿ ನಡುಮನೆಗೆ ಸೇರಿಸಿದರೆ ಚಿತ್ರದಲ್ಲಿ ನಡುಮನೆ ದೊಡ್ಡದಾಗಿ ಕಾಣುತ್ತದೆ. ಆದರೆ ನಮ್ಮ ಅಡುಗೆಯ ಪದ್ಧತಿ ತಿಳಿದವರು ಇದನ್ನು ಎಂದಿಗೂ ಕೈಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ನೀರಿನ ವಿಷಯದಲ್ಲಿ ನನ್ನ ಹೋಲಿಕೆ ಪೂರ್ತಿ ನ್ಯಾಯಯುತವಲ್ಲವೆಂದು ಒಪ್ಪಿಕೊಳ್ಳಬೇಕು. ನಾವು ಬಿನ್ನಿಪೇಟೆಯಲ್ಲಿದ್ದದ್ದು 2024ರ ಬೇಸಿಗೆಯಲ್ಲಿ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕುತ್ತಿದ್ದ, 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿಯೆಂದು ಜಿಲ್ಲಾಡಳಿತವೇ ದರ ಕಟ್ಟಬೇಕಾಗಿ ಬಂದ ವರ್ಷ ಅದು. ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಆದರೂ ಒಂದು ವ್ಯತ್ಯಾಸ ಕಟ್ಟಡದ್ದೇ ಆಗಿತ್ತು. ಮೊದಲನೆಯದರಲ್ಲಿ ನೀರಿಗೆ ಮನೆವಾರು ಮೀಟರಿರಲಿಲ್ಲ, ಟ್ಯಾಂಕರಿನ ಒಟ್ಟು ಖರ್ಚನ್ನು ಚದರಡಿಯ ಮೇಲೆ ಹಂಚುತ್ತಿದ್ದರು. ಬಕೆಟ್ಟಿನಲ್ಲಿ ಸ್ನಾನ ಮಾಡುವ ನಮಗೂ ತೊಟ್ಟಿ ತುಂಬಿಸುವವರಿಗೂ ಒಂದೇ ದರ. ಎರಡನೆಯದರಲ್ಲಿ ಪ್ರತಿ ಮನೆಗೂ ನೀರಿನ ಮೀಟರಿದೆ. ನೀರು ಮತ್ತು ಜನರೇಟರ್ ಸೇರಿ ಮೊದಲನೆಯದರಲ್ಲಿ ತಿಂಗಳಿಗೆ ಸರಾಸರಿ 2,600 ಆಗುತ್ತಿತ್ತು, ಇಲ್ಲಿ 900 ಆಗುತ್ತಿದೆ. ಗೃಹಜ್ಯೋತಿಯ ಉಚಿತ ಯೂನಿಟ್‌ಗಳು ಬೆಸ್ಕಾಂ ಮೀಟರಿಗೆ ಮಾತ್ರ, ಜನರೇಟರಿನ ಯೂನಿಟ್‌ಗಳಿಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಹೊಸಬರು ತಿಳಿದಿರಲಿ.

ಬಾಡಿಗೆ, ನಿರ್ವಹಣೆ, ನೀರು, ವಿದ್ಯುತ್ತು ಎಲ್ಲವನ್ನೂ ಕೂಡಿದಾಗ ಮೊದಲನೆಯ ಮನೆಗೆ ತಿಂಗಳಿಗೆ 53,700 ರೂಪಾಯಿ, ಎರಡನೆಯದಕ್ಕೆ 53,710. ನಾಲ್ಕು ಸಾವಿರದ ಅಂತರವೆಂದು ನಾವು ಭಾವಿಸಿದ್ದು ಹತ್ತು ರೂಪಾಯಿಗೆ ಇಳಿದಿತ್ತು. ಕಾರ್ಪೆಟ್ ಅಳತೆಯ ಲೆಕ್ಕದಲ್ಲಿ ಮೊದಲನೆಯದು ಚದರಡಿಗೆ ಸುಮಾರು 66 ರೂಪಾಯಿ, ಎರಡನೆಯದು 63.

ಮುಂಗಡದ ಲೆಕ್ಕ ಇದರ ಹೊರಗಿನದು. ಬಿನ್ನಿಪೇಟೆಯ ಮನೆಯ ಮಾಲೀಕರು ನಮ್ಮೂರಿನ ರೂಢಿಯಂತೆ ಹತ್ತು ತಿಂಗಳ ಮುಂಗಡ ಕೇಳಿ ಆರಕ್ಕೆ ಒಪ್ಪಿದರು, ಅಂದರೆ 2,52,000. ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಂಡರು. ಗೋಡೆಯಲ್ಲಿ ನಮ್ಮಿಂದ ಆದ ಗುರುತೆಂದರೆ ದೇವರ ಪಟದ ಒಂದು ತೂತು ಮಾತ್ರ, ಉಳಿದ ಕಲೆ ಕಿಟಕಿಯಿಂದ ಇಳಿದ ನೀರಿನದು. ಕರಾರಿನಲ್ಲಿ ಆ ಮಾತು ಬರೆದಿತ್ತು, ನಾನು ಸಹಿ ಮಾಡಿದ್ದೆ. ಆ 42,000ವನ್ನು ಹನ್ನೊಂದು ತಿಂಗಳಿಗೆ ಹಂಚಿದರೆ ತಿಂಗಳಿಗೆ 3,800ಕ್ಕೂ ಹೆಚ್ಚು. ಎರಡನೆಯ ಮನೆಯ ಮುಂಗಡ ನಾಲ್ಕು ತಿಂಗಳದ್ದು, ಬಣ್ಣಕ್ಕೆ ಆದ ಖರ್ಚನ್ನು ಬಿಲ್ಲು ತೋರಿಸಿ ಮಾತ್ರ ಹಿಡಿಯಬೇಕೆಂದು ನಾವೇ ಕರಾರಿನಲ್ಲಿ ಬರೆಸಿದೆವು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡದ ಮಿತಿಯನ್ನು ಸೂಚಿಸಿದೆ. ಆದರೆ ಮಾದರಿ ಕಾಯ್ದೆ ತಾನಾಗಿಯೇ ಯಾವ ರಾಜ್ಯಕ್ಕೂ ಅನ್ವಯಿಸುವುದಿಲ್ಲವಾದ್ದರಿಂದ ಈಗ ನಮ್ಮನ್ನು ಕಾಯುವುದು ಕರಾರಿನ ಸಾಲುಗಳೇ.

ಮೊದಲನೆಯ ಕಟ್ಟಡ ಗೆದ್ದ ಸಂಗತಿಗಳೂ ಇವೆ. ಮಾಗಡಿ ರಸ್ತೆ ನಿಲ್ದಾಣದಿಂದ ನೇರಳೆ ಮಾರ್ಗದಲ್ಲಿ ಕುಳಿತರೆ ಎಂ.ಜಿ. ರಸ್ತೆಯ ನನ್ನ ಕಚೇರಿಗೆ ಒಂದೇ ರೈಲು. ಈಗ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿ ಹಸಿರು ಮಾರ್ಗ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿದು ಬದಲಿಸಬೇಕು, 2025ರ ಫೆಬ್ರವರಿಯಲ್ಲಿ ದರವೂ ಏರಿತು. ಹದಿನೇಳನೆಯ ಮಹಡಿಯಿಂದ ಕಾಣುತ್ತಿದ್ದ ಸೂರ್ಯಾಸ್ತ ಒಂಬತ್ತನೆಯದರಿಂದ ಕಾಣುವುದಿಲ್ಲ.

ಆದರೆ ಎತ್ತರದ ಬಗ್ಗೆ ನನಗೊಂದು ಭಯ ಉಳಿದಿದೆ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ ಒಂಬತ್ತು ಜನ ಸತ್ತದ್ದನ್ನು ಈ ಊರಿನವರು ಮರೆತಿಲ್ಲ. ಮೆಟ್ಟಿಲುಗಳಲ್ಲಿ ಹೊಗೆ ತುಂಬಿದರೆ ಮೇಲಿನವರಿಗೆ ದಾರಿಯಿಲ್ಲವೆಂಬುದನ್ನು ಆ ದಿನ ತೋರಿಸಿತು. ನಮ್ಮ ಮೊದಲ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಜನ ಬಂದು ನಿಲ್ಲಲು ಆಶ್ರಯ ತಾಣವೆಂದು ಬಿಟ್ಟಿದ್ದ ಜಾಗದಲ್ಲಿ ಹಳೆಯ ಸೋಫಾಗಳೂ ಟೈಲ್ಸಿನ ಪೆಟ್ಟಿಗೆಗಳೂ ತುಂಬಿದ್ದವು. ಒಂದು ಬೆಳಿಗ್ಗೆ ಅಣಕು ತಾಲೀಮಿಗಾಗಿ ಲಿಫ್ಟು ನಿಲ್ಲಿಸಿದಾಗ ನನ್ನ ತಾಯಿ ಹದಿಮೂರನೆಯ ಮಹಡಿಯವರೆಗೆ ಇಳಿದು, ಮೆಟ್ಟಿಲ ಮೇಲೆಯೇ ಕುಳಿತು, “ನಾನಿಲ್ಲೇ ಇರ್ತೀನಪ್ಪ, ನೀವು ಹೋಗಿ” ಎಂದರು. ಮನೆ ಬದಲಿಸಬೇಕೆಂದು ನಾವು ತೀರ್ಮಾನಿಸಿದ್ದು ಆ ದಿನ, ಲೆಕ್ಕ ಬರೆದದ್ದು ಆಮೇಲೆ. ಈಗಿನ ಒಂಬತ್ತನೆಯ ಮಹಡಿಯೂ ಅವರಿಗೆ ಎತ್ತರವೇ. ಹಾಗಾಗಿ ಕರಾರನ್ನು ಶೇ. 5ರ ಹೆಚ್ಚಳದೊಂದಿಗೆ 48,300 ರೂಪಾಯಿಗೆ ನವೀಕರಿಸುವಾಗ, ಇದೇ ಕಟ್ಟಡದ ನಾಲ್ಕನೆಯ ಮಹಡಿಗಿಂತ ಕೆಳಗೆ ಮನೆ ಖಾಲಿಯಾದರೆ ಮೊದಲು ನಮಗೆ ತಿಳಿಸಬೇಕೆಂದು ಸಂಘದ ಕಾರ್ಯದರ್ಶಿಗಳಲ್ಲಿ ಕೇಳಿಕೊಂಡಿದ್ದೇವೆ.