ಪ್ರಾಣಿ ಒಂದೂ ಕಾಣದ ಕಾಡು: ‘ದಿ ಗ್ರೇಟ್ ಆನಿಮಲ್ ಆರ್ಕೆಸ್ಟ್ರಾ’

‘ಇಮ್ಮರ್ಸಿವ್’ (ಸುತ್ತಲೂ ಚಿತ್ರ, ಸದ್ದು ತುಂಬಿ ನಮ್ಮನ್ನು ಮುಳುಗಿಸುವ ಪ್ರದರ್ಶನ) ಅಂತ ಬೋರ್ಡ್ ಕಂಡರೆ ಈಗ ನನಗೆ ಸ್ವಲ್ಪ ಭಯ. ಹೋದ ವರ್ಷ ಒಂದು ಕಡೆ ಒಳ್ಳೇ ದುಡ್ಡು ಕೊಟ್ಟು ಒಳಗೆ ಹೋದರೆ ನಾಲ್ಕೂ ಗೋಡೆ ಮೇಲೆ ನೀಲಿ ಜಿಂಕೆಗಳು ಓಡುತ್ತಿದ್ದವು, ಜೊತೆಗೆ ಮಸಾಜ್ ಪಾರ್ಲರಿನ ಕೊಳಲು, ಜನ ಎಲ್ಲ ಗೋಡೆಗೆ ಬೆನ್ನು ಹಾಕಿ ಸೆಲ್ಫಿ. ಕಾಡು ಎಲ್ಲಿತ್ತೋ!

ಆಗೆಲ್ಲ ನೆನಪಾಗುವುದು 2016ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನ ಕಾರ್ಟಿಯೆ ಫೌಂಡೇಶನ್ ಅನ್ನೋ ಕಲಾ ಕೇಂದ್ರದಲ್ಲಿ ನೋಡಿದ ‘ದಿ ಗ್ರೇಟ್ ಆನಿಮಲ್ ಆರ್ಕೆಸ್ಟ್ರಾ’ ಪ್ರದರ್ಶನ. ನೋಡಿದ್ದು ಅನ್ನೋದಕ್ಕಿಂತ ಕೇಳಿದ್ದು. ಬರ್ನಿ ಕ್ರೌಸ್ ಅಂತ ಒಬ್ಬ ಅಮೆರಿಕನ್, 1968ರಿಂದ ಕಾಡು ಸಮುದ್ರ ಅಲೆದು 5,000 ಗಂಟೆಗೂ ಜಾಸ್ತಿ ರೆಕಾರ್ಡ್ ಮಾಡಿದವರು. ಆ ದನಿಗಳಿಗೆ ಲಂಡನ್ನಿನ ಯುನೈಟೆಡ್ ವಿಶುವಲ್ ಆರ್ಟಿಸ್ಟ್ಸ್ ತಂಡ ಚಿತ್ರ ಕೊಟ್ಟಿದೆ. ಚಿತ್ರ ಅಂದರೆ ಬರೀ ಸ್ಪೆಕ್ಟ್ರೋಗ್ರಾಮ್, ದನಿಯ ನಕ್ಷೆ: ಕೀರಲು ದನಿ ಮೇಲೆ, ದಪ್ಪ ದನಿ ಕೆಳಗೆ, ಗೆರೆ ಚುಕ್ಕಿಗಳಾಗಿ ಗೋಡೆ ಉದ್ದಕ್ಕೂ ಹರಿಯುತ್ತದೆ.

ನೆಲಮಾಳಿಗೆಯ ಕತ್ತಲಲ್ಲಿ ಮೊದಲ ಐದು ನಿಮಿಷ ಬೋರು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕಣ್ಣಿಗೆ ಅಭ್ಯಾಸ ಆಗುತ್ತದೆ. ಮೇಲೆ ಕೀಟಗಳ ಒಂದೇ ಸಮನೆ ಪಟ್ಟಿ, ಅದು ಬಿಟ್ಟ ಸಂದಿಯಲ್ಲಿ ಹಕ್ಕಿ, ಕೆಳಗೆ ಕಪ್ಪೆಗೆ ಅದರದೇ ಜಾಗ. ಥೇಟ್ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಪರದೆ ಬುಡದಲ್ಲಿ ನೀರು ನಿಲ್ಲಿಸಿದ್ದಾರೆ, ತೀರಾ ತಗ್ಗಿನ ದನಿ ಬಂದಾಗ ಆ ನೀರು ಸಣ್ಣಗೆ ನಡುಗುತ್ತದೆ. ತೀರ್ಥಹಳ್ಳಿ ಕಡೆ ಬೆಳೆದ ನನಗೆ ಮಳೆಗಾಲದ ಜೀರುಂಡೆ, ಕಪ್ಪೆ ಅಂದರೆ ನಿದ್ದೆ ಕೆಡಿಸುವ ಗಲಾಟೆ ಅಷ್ಟೇ ಆಗಿತ್ತು. ಅದರಲ್ಲೂ ಹೀಗೆ ಜಾಗ ಹಂಚಿಕೆ ಇರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಕ್ಯಾಲಿಫೋರ್ನಿಯಾದ ಲಿಂಕನ್ ಮೆಡೋದಲ್ಲಿ ಕ್ರೌಸ್ 1988ರಲ್ಲಿ ರೆಕಾರ್ಡ್ ಮಾಡಿದ್ದರು. ಆಮೇಲೆ ಅಲ್ಲಿ ಆಯ್ದ ಮರಗಳನ್ನಷ್ಟೇ ಕಡಿದರು. ವರ್ಷ ಬಿಟ್ಟು ಹೋದರೆ ಕಣ್ಣಿಗೆ ಕಾಡು ಹಾಗೇ ಇತ್ತು, ರೆಕಾರ್ಡಿಂಗ್‌ನಲ್ಲಿ ಮಾತ್ರ ಮರಕುಟಿಗ ಮತ್ತು ತೊರೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಇದು ಗೊತ್ತಿದ್ದು ಕೇಳಿದರೆ ಖಾಲಿ ಗೋಡೆಯೂ ಸುಮ್ನೆ ಖಾಲಿ ಅನ್ನಿಸುವುದಿಲ್ಲ.

ನನ್ನ ತಕರಾರು ಒಂದೇ. ಕೆನಡಾ, ಅಮೆಜಾನ್, ಆಫ್ರಿಕಾ ಎಲ್ಲ ಇದೆ, ನಮ್ಮ ಕಡೆಯ ಒಂದು ಕಾಡೂ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಜಿಂಕೆ, ಹುಲಿ ತೋರಿಸ್ತೀನಿ ಅಂತ ಆಸೆ ಹುಟ್ಟಿಸಬೇಡಿ.

ಆಮೇಲೆ ಇದು ಬೇರೆ ಊರುಗಳಿಗೂ ಹೋಯಿತು. ವೆಬ್‌ನಲ್ಲೂ ಪುಕ್ಕಟೆ ಸಿಗುತ್ತದೆ. ಫೋನ್ ಸ್ಪೀಕರ್‌ನಲ್ಲಿ ಕೇಳಿದರೆ ದಂಡ, ಕೀಟ ಮಾತ್ರ ಕೇಳಿಸುತ್ತದೆ. ರಾತ್ರಿ ಹೆಡ್‌ಫೋನ್ ಹಾಕಿ, ಲೈಟ್ ಆರಿಸಿ. ಸಾಧ್ಯವಾದರೆ ಫ್ಯಾನ್ ಕೂಡ.