ಧ್ವನಿಮುದ್ರಿತ ನಾದ, ಲೆಕ್ಕದಿಂದ ಹುಟ್ಟುವ ನಾದ: ಎರಡು ಡಿಜಿಟಲ್ ಪಿಯಾನೊಗಳು

ಮೊದಲು ಕೊಂಡ ಡಿಜಿಟಲ್ ಪಿಯಾನೊವನ್ನು ಎರಡು ವರ್ಷ ನುಡಿಸಿ ಮಾರಿದೆ. ಈಗ ನನ್ನ ಬಳಿ ಇರುವುದು ಎರಡನೆಯದು, ನನಗೆ ಮೆಚ್ಚುಗೆಯಾಗಿರುವುದೂ ಅದೇ.

ಮೊದಲನೆಯದು ಸ್ಯಾಂಪಲಿಂಗ್ ಬಗೆಯದು. ನಿಜವಾದ ಗ್ರ್ಯಾಂಡ್ ಪಿಯಾನೊದ ಸ್ವರಗಳನ್ನು ಮೆಲುವಾಗಿಯೂ ಜೋರಾಗಿಯೂ ನುಡಿಸಿ ಮುದ್ರಿಸಿಕೊಂಡು, ಕೀ ಒತ್ತಿದ ವೇಗಕ್ಕೆ ಹೊಂದುವ ಮುದ್ರಿಕೆಯನ್ನು ಅದು ಕೇಳಿಸುತ್ತದೆ. ಎರಡನೆಯದು ಮಾಡೆಲಿಂಗ್ ಬಗೆಯದು. ಅದರಲ್ಲಿ ಮುದ್ರಿಕೆಗಳಿಲ್ಲ, ಸುತ್ತಿಗೆ, ತಂತಿ ಮತ್ತು ನಾದಫಲಕಗಳ ವರ್ತನೆಯನ್ನು ಯಂತ್ರವು ಆಯಾ ಕ್ಷಣದಲ್ಲೇ ಲೆಕ್ಕಹಾಕಿ ಧ್ವನಿಯನ್ನು ಹುಟ್ಟಿಸುತ್ತದೆ. ಪಿಯಾನೊಟೆಕ್ ತಂತ್ರಾಂಶವು 2006ರಲ್ಲಿ, ರೋಲ್ಯಾಂಡ್‌ನ ವಿ-ಪಿಯಾನೊ 2009ರಲ್ಲಿ ಇದೇ ದಾರಿ ಹಿಡಿದು ಬಂದವು.

ನನ್ನನ್ನು ಕಾಡಿದ್ದು ಬಲಗಾಲಿನ ಪೆಡಲ್. ನಿಜವಾದ ಪಿಯಾನೊದಲ್ಲಿ ಅದನ್ನು ಒತ್ತಿದರೆ ತಂತಿಗಳನ್ನು ತಡೆಹಿಡಿದಿರುವ ಡ್ಯಾಂಪರ್‌ಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಆಗ ಒಂದೇ ಕೀ ನುಡಿಸಿದರೂ ಉಳಿದ ಇನ್ನೂರಕ್ಕೂ ಹೆಚ್ಚು ತಂತಿಗಳಲ್ಲಿ ಆ ಸ್ವರಕ್ಕೆ ಹೊಂದುವವು ತಾವೂ ಮಿಡಿಯುತ್ತವೆ. ಪೆಡಲನ್ನು ಅರ್ಧಕ್ಕೆ ಬಿಟ್ಟು ಮತ್ತೆ ಒತ್ತಿದರೆ ಡ್ಯಾಂಪರ್‌ನ ಉಣ್ಣೆ ತಂತಿಗೆ ಸವರಿದಂತಾಗಿ, ಮೇಲಿನ ತೆಳು ತಂತಿಗಳು ಬೇಗ ಅಡಗುತ್ತವೆ, ಕೆಳಗಿನ ದಪ್ಪ ತಂತಿ ಮಾತ್ರ ಮೊರೆಯುತ್ತಲೇ ಇರುತ್ತದೆ.

ನನ್ನ ಮೊದಲ ವಾದ್ಯಕ್ಕೆ ಈ ಅರ್ಧ ಸ್ಥಿತಿಯೇ ಗೊತ್ತಿರಲಿಲ್ಲ. ನಿಧಾನದ ಕೃತಿಯಲ್ಲಿ ಮಂದ್ರಸ್ವರವನ್ನು ನಿಲ್ಲಿಸಿಕೊಂಡು ಮೇಲಿನ ಸ್ವರಮೇಳವನ್ನು ಬದಲಿಸಲು ಹೋದರೆ, ಒಂದೋ ಮಂದ್ರವೂ ಕಡಿದುಹೋಗುತ್ತಿತ್ತು, ಇಲ್ಲವೇ ಎಲ್ಲವೂ ಕಲಸಿಹೋಗುತ್ತಿತ್ತು. ತಪ್ಪು ನನ್ನ ಕಾಲಿನದೇ ಎಂದು ತಿಂಗಳುಗಟ್ಟಲೆ ಅದೇ ಎಂಟು ಸಾಲುಗಳನ್ನು ಅಭ್ಯಾಸ ಮಾಡಿದೆ. ಅರ್ಧ ಒತ್ತನ್ನು ಗುರುತಿಸಬಲ್ಲ ಬೇರೆ ಪೆಡಲನ್ನು ಕೊಂಡು ಜೋಡಿಸಿದ ಮೇಲೂ ಏನೂ ಬದಲಾಗಲಿಲ್ಲ, ಏಕೆಂದರೆ ವಾದ್ಯವು ಪೆಡಲಿನಿಂದ ಓದುತ್ತಿದ್ದುದು ಒತ್ತಿದೆ, ಬಿಟ್ಟಿದೆ ಎಂಬ ಎರಡೇ ಸಂಗತಿಗಳನ್ನು.

ಇನ್ನೊಂದು ಪರೀಕ್ಷೆಯಿದೆ. ನಡುವಿನ ಸಿ ಕೀಯನ್ನು ಸದ್ದಾಗದಂತೆ ಮೆಲ್ಲಗೆ ಒತ್ತಿ ಹಿಡಿದು, ಅದರ ಕೆಳಗಿನ ಸ್ಥಾಯಿಯ ಸಿಯನ್ನು ಜೋರಾಗಿ ನುಡಿಸಿ ತಕ್ಷಣ ಬಿಡಬೇಕು. ಕೆಳಗಿನ ತಂತಿಯ ಕಂಪನ ಸುಮಾರು 131 ಹರ್ಟ್ಸ್, ಅದರ ಎರಡನೆಯ ಅಂಶಸ್ವರ, ಅಂದರೆ ಮೂಲ ಸ್ವರದೊಡನೆ ಕೂಡಿಯೇ ಹುಟ್ಟುವ ಇಮ್ಮಡಿ ಕಂಪನ, 262. ನಡುವಿನ ಸಿಯ ಕಂಪನವೂ ಅಷ್ಟೇ ಆದ್ದರಿಂದ ನಿಜವಾದ ಪಿಯಾನೊದಲ್ಲಿ ಹಿಡಿದ ತಂತಿ ತಾನಾಗಿ ಎಳೆಯಷ್ಟು ಸಣ್ಣಗೆ ಹಾಡುತ್ತದೆ. ನನ್ನ ಮೊದಲ ವಾದ್ಯದಲ್ಲಿ ಬರಿಯ ನಿಶ್ಶಬ್ದವಿತ್ತು, ಎರಡನೆಯದರಲ್ಲಿ ಆ ಎಳೆ ಸ್ಪಷ್ಟವಾಗಿ ಕೇಳಿಸಿತು. ಹೀಗೆ ಒಂದು ತಂತಿಗೆ ಇನ್ನೊಂದು ಮಿಡಿಯುವ ಅನುರಣನವನ್ನು ಬೇರೆಯಾಗಿ ಸೇರಿಸಿಕೊಂಡ ಒಳ್ಳೆಯ ಸ್ಯಾಂಪಲಿಂಗ್ ವಾದ್ಯಗಳೂ ಇವೆ; ನನ್ನದು ಅಂಥದ್ದಾಗಿರಲಿಲ್ಲ.

ಒಂದೊಂದೇ ಸ್ವರವನ್ನು ಬಿಡಿಯಾಗಿ ಕೇಳಿದರೆ ಮೊದಲನೆಯದೇ ಮೇಲು. ಮರದ ಮೈಯ ಬೆಚ್ಚನೆಯ ದನಿ ಅದರಲ್ಲಿತ್ತು. ಮಾಡೆಲಿಂಗ್ ವಾದ್ಯದ ತಾರಸ್ವರಗಳು ನನ್ನ ಕಿವಿಗೆ ಇಂದಿಗೂ ತುಸು ಗಾಜಿನಂತೆ ಕೇಳಿಸುತ್ತವೆ. ಕೀಗಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ನಾನು ನುಡಿಸುವುದು ಹೆಚ್ಚಾಗಿ ರಾತ್ರಿ, ಹೆಡ್‌ಫೋನ್ ಹಾಕಿಕೊಂಡು, ಪೆಡಲನ್ನೇ ನೆಚ್ಚಿಕೊಂಡ ನಿಧಾನದ ಕೃತಿಗಳನ್ನು. ಆದ್ದರಿಂದಲೇ ಒಳ್ಳೆಯ ಸ್ಪೀಕರ್‌ಗಳನ್ನೂ ಮರದ ಕವಚವನ್ನೂ ಬಿಟ್ಟುಕೊಟ್ಟು, ಉಳಿದ ಹಣವನ್ನು ಎರಡನೆಯ ವಾದ್ಯಕ್ಕೆ ಹಾಕಿದೆ. ಮೊದಲನೆಯದನ್ನು ಕೊಂಡವರು ಗಾಯಕರ ಜೊತೆಗೆ ಚುರುಕಾದ ಹಾಡುಗಳನ್ನು ನುಡಿಸುತ್ತಾರೆ, ಪೆಡಲನ್ನು ಮುಟ್ಟುವುದೇ ಅಪರೂಪ; ಅವರಿಗೆ ಅದು ಚೆನ್ನಾಗಿಯೇ ಒಗ್ಗಿದೆ.