ಕಪಾಟಿನ ಬಣ್ಣ ಹೊಂದಲೂ ಇಲ್ಲ, ನಿಲ್ಲಲೂ ಇಲ್ಲ

ಹಳೆಯ ಕಪಾಟಿಗೆ ಅಡುಗೆಮನೆಯ ಬಣ್ಣವನ್ನೇ ಬಳಿಸಿ ಹೊಂದಿಸಿಕೊಳ್ಳುವ ಯೋಚನೆಯಿದ್ದರೆ, ಪೇಂಟರ್ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಇದನ್ನು ಓದಿಕೊಳ್ಳಿ.

ನಮ್ಮದು ಲ್ಯಾಮಿನೇಟ್ ಅಂಟಿಸಿದ ಕಪಾಟು. ಗಟ್ಟಿಮುಟ್ಟಾಗಿತ್ತು, ಆದರೆ ಅಡುಗೆಮನೆಯ ತಿಳಿಬೂದು ಬಾಗಿಲುಗಳ ಪಕ್ಕದಲ್ಲಿ ಅದರ ಕಂದು ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. "ಇದಕ್ಕೆ ಉಜ್ಜುವುದು, ಪ್ರೈಮರ್ ಎಲ್ಲ ದಂಡ. ಎರಡು ಕೋಟ್ ಕೊಟ್ಟರೆ ಮುಗಿಯಿತು" ಎಂದ ನಾವು ಕರೆಸಿದ ಪೇಂಟರ್. ಒಣಬಟ್ಟೆಯಲ್ಲಿ ಧೂಳು ಒರೆಸಿದ, ಬಳಿದ, ಹಣ ಎಣಿಸಿಕೊಂಡು ಹೋದ. ಆ ದಿನ ನೋಡಲು ಏನೂ ಕೊರತೆಯಿರಲಿಲ್ಲ.

ಮೊದಲು ಬಿಟ್ಟದ್ದು ಹಿಡಿಯ ಸುತ್ತ. ಉಗುರು ತಾಗಿದಲ್ಲಿ ಬಣ್ಣ ಹಾಲಿನ ಕೆನೆಯ ಹಾಗೆ ಪದರವಾಗಿಯೇ ಎದ್ದು ಬಂತು. ಕೆಳಗೆ ಹಳೆಯ ಲ್ಯಾಮಿನೇಟ್ ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು. ಲ್ಯಾಮಿನೇಟ್ ಮರದಂತೆ ಬಣ್ಣ ಹೀರುವುದಿಲ್ಲ. ಜಿಡ್ಡು ಹೋಗುವಂತೆ ತೊಳೆದು, ಒಣಗಿದ ಮೇಲೆ 180ರಿಂದ 220 ಗ್ರಿಟ್‌ನ (ಕಾಗದದ ತರಿಯ ಅಳತೆ) ಉಪ್ಪುಕಾಗದದಿಂದ ಹೊಳಪು ಮಾಸುವವರೆಗೆ ಉಜ್ಜಿ, ಬಣ್ಣ ಹಿಡಿದುಕೊಳ್ಳಲು ಅದಕ್ಕೂ ಮೊದಲು ಬಳಿಯುವ, ನುಣುಪು ಮೇಲ್ಮೈಗೆಂದೇ ಇರುವ ಬಾಂಡಿಂಗ್ ಪ್ರೈಮರ್ ಕೊಡಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಂಡು ಮತ್ತಷ್ಟು ಕಾಟ ಕೊಡುತ್ತದೆ.

ಹೊಂದಿಕೆಯ ಕಥೆಯೂ ಅಷ್ಟೇ. ಬಣ್ಣದ ಶೇಡ್ ಸಂಖ್ಯೆ ಒಂದೇ ಇತ್ತು, ನಿಜ. ಆದರೆ ಅಡುಗೆಮನೆಯ ಬಾಗಿಲುಗಳು ಹೊಳಪಿಲ್ಲದ ಮ್ಯಾಟ್, ಇವನು ಬಳಿದದ್ದು ಹೊಳೆಯುವ ಗ್ಲಾಸಿ. ದೀಪ ಹಾಕಿದರೆ ಎರಡೂ ಬೇರೆ ಬೇರೆ ಬಣ್ಣವೆಂದೇ ಕಾಣುತ್ತಿತ್ತು. ಸಂಖ್ಯೆಯ ಜೊತೆಗೆ ಹೊಳಪು ಯಾವುದೆಂದೂ ಹೇಳಿ ತರಿಸಿ.

"ನಾಳೆಯೇ ಸಾಮಾನು ಜೋಡಿಸಿ" ಎಂದೂ ಹೇಳಿದ್ದ. ಬೇಳೆ ಡಬ್ಬಿ ಎತ್ತಿದಾಗ ಅದರ ತಳದಷ್ಟು ಅಗಲದ ಬಣ್ಣ ಹಲಗೆಯಿಂದ ಕಿತ್ತು ಬಂತು. ಕೈಗೆ ಅಂಟದಿದ್ದ ಮಾತ್ರಕ್ಕೆ ಬಣ್ಣ ಗಟ್ಟಿಯಾಯಿತೆಂದಲ್ಲ. ಎಷ್ಟೋ ಬಣ್ಣಗಳಿಗೆ ಅದಕ್ಕೆ ಮೂರು ನಾಲ್ಕು ವಾರವೇ ಬೇಕು.

ದೂರಿದಾಗ ಸಿಕ್ಕ ಉತ್ತರ, "ಮೇಲೊಂದು ಕೋಟ್ ಎಳೆದುಕೊಡುತ್ತೇನೆ." ಇದಕ್ಕೆ ಮಾತ್ರ ಒಪ್ಪಬೇಡಿ. ಬಿಟ್ಟ ಪದರದ ಮೇಲೆ ಬಳಿದ ಹೊಸ ಬಣ್ಣವೂ ಅದರ ಜೊತೆಗೇ ಕಳಚುತ್ತದೆ. ಕೊನೆಗೆ ಬೇರೊಬ್ಬರನ್ನು ಕರೆಸಿ ಎಲ್ಲವನ್ನೂ ಕೆರೆಸಬೇಕಾಯಿತು. ಕೆಲಸದ ಕೂಲಿಗಿಂತ ಕೆರೆದ ಕೂಲಿಯೇ ಹೆಚ್ಚು.

ಯಾರಿಗೇ ಕೆಲಸ ಕೊಡಿ, ಮೊದಲು ಬಾಗಿಲಿನ ಒಳಬದಿಯಲ್ಲಿ ಅಂಗೈಯಗಲ ಬಳಿಸಿ. ವಾರ ಕಳೆದ ಮೇಲೆ ಅಂಟುಟೇಪು ಒತ್ತಿ ಹಚ್ಚಿ, ಸರಕ್ಕನೆ ಕೀಳಿ. ಟೇಪಿಗೆ ಬಣ್ಣ ಅಂಟಿ ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಪೂರ್ತಿ ಹಣವನ್ನಂತೂ ಮುಂಗಡವಾಗಿ ಕೊಡಲೇಬೇಡಿ.